ಜ್ವರದ ಜತೆಗೆ ಉಸಿರಿನ ಮೇಲೂ ಕಣ್ಣಿರಲಿ

2009ರ ಆಗಸ್ಟ್‌ನಲ್ಲಿ ಪುಣೆಯ ಶಾಲಾ ಬಾಲಕಿಯೊಬ್ಬಳು ಎಚ್‌1ಎನ್‌1 ಸೋಂಕಿಗೆ ಬಲಿಯಾದಳು. ಅದು ದೇಶದ ಮೊದಲ ಹಂದಿಜ್ವರ ಸಾವು. ಕರ್ನಾಟಕದಲ್ಲೂ ಹೆತ್ತವರು ದಿಗಿಲುಬಿದ್ದರು. ಅದೇ ವೈರಸ್ ಈಗ ಋತುಮಾನದ ಫ್ಲೂ ಆಗಿ ಮರಳುತ್ತಿರುತ್ತದೆ.

ರೋಣ ತಾಲ್ಲೂಕಿನ ಸವಡಿಯಂಥ ಊರಿನಲ್ಲಿ ರಾತ್ರಿ ಕೂಸಿನ ಮೈ ಕಾದರೆ ತಾಯಿಯನ್ನು ಕಾಡುವ ಪ್ರಶ್ನೆ ಒಂದೇ: ಬೆಳಗಿನವರೆಗೆ ಕಾಯಬಹುದೇ, ಈಗಲೇ ಗದಗಕ್ಕೆ ಓಡಬೇಕೇ?

ಅದನ್ನು ನಿರ್ಧರಿಸಲು, ಮಗು ಅಳದೆ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. 2 ತಿಂಗಳಿನಿಂದ 1 ವರ್ಷದೊಳಗಿನ ಕೂಸಿಗೆ 50, 1ರಿಂದ 5 ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರಾಟ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಗ ವೈದ್ಯರಿಗೆ ತೋರಿಸಬೇಕು. ಉಸಿರೆಳೆವಾಗ ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. 2 ತಿಂಗಳೊಳಗಿನ ಹಸುಗೂಸಿಗೆ ಬರೀ ಜ್ವರ ಬಂದರೂ ಆಸ್ಪತ್ರೆಗೆ ಒಯ್ಯಲೇಬೇಕು.

ಬಹುಪಾಲು ಮಕ್ಕಳು ಎದೆಹಾಲು, ಗಂಜಿ, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್‌ನಲ್ಲೇ ಚೇತರಿಸಿಕೊಳ್ಳುತ್ತಾರೆ. ಫ್ಲೂ ವೈರಸ್‌ಗೆ ಆಂಟಿಬಯೋಟಿಕ್ ನಾಟದು, ಆಸ್ಪಿರಿನ್ ಕೊಡಲೇಬಾರದು.

6 ತಿಂಗಳು ತುಂಬಿದ ಮಕ್ಕಳಿಗೆ ಪ್ರತಿವರ್ಷ ಹಾಕಿಸುವ ಫ್ಲೂ ಲಸಿಕೆಯಿದೆ. ಗರ್ಭಿಣಿ ಅದನ್ನು ಹಾಕಿಸಿಕೊಂಡರೆ ಹುಟ್ಟುವ ಕೂಸಿಗೂ ಮೊದಲ ಕೆಲವು ತಿಂಗಳು ರಕ್ಷಣೆ ಸಿಗುತ್ತದೆ.