ಹೆರಿಗೆಗೆ ದುಡ್ಡು ಯಾಕೆ?

ಬಸುರಿ ಅಂದರೆ ಎರಡು ಜೀವ. ಹೆರಿಗೆ ನೋವು ಬಂದಾಗ ತಡ ಮಾಡಿದರೆ ಎರಡಕ್ಕೂ ಅಪಾಯ. ಆದರೂ ಕೈಯಲ್ಲಿ ಕಾಸಿಲ್ಲ ಅಂತ ನಾವು ಎಷ್ಟೋ ಸಲ ತಡ ಮಾಡುತ್ತೇವೆ.

ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡು ಕೊಡಬೇಕಾಗಿಲ್ಲ. 2011ರಿಂದ ದೇಶದಲ್ಲೆಲ್ಲ ಈ ನಿಯಮ ಇದೆ. ಇದರ ಹೆಸರು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. ಏನೇನು ಪುಕ್ಕಟೆ?

ಹೆರಿಗೆ ಪುಕ್ಕಟೆ. ಆಪರೇಷನ್ ಆದರೂ ಪುಕ್ಕಟೆ.
ಔಷಧಿ, ರಕ್ತ, ಪರೀಕ್ಷೆ ಪುಕ್ಕಟೆ.
ಸಹಜ ಹೆರಿಗೆಗೆ 3 ದಿನದವರೆಗೆ ಊಟ. ಆಪರೇಷನ್ ಆದರೆ 7 ದಿನದವರೆಗೆ.
ಆಸ್ಪತ್ರೆಗೆ ಹೋಗಲು, ಮನೆಗೆ ಬರಲು ಗಾಡಿ. ನೋವು ಬಂದ ಕೂಡಲೇ 108ಕ್ಕೆ ಫೋನ್ ಮಾಡೋಣ.

ಆದರೂ ಯಾರಾದರೂ ದುಡ್ಡು ಕೇಳಿದರೆ? ಔಷಧಿ ಹೊರಗಿಂದ ತನ್ನಿ ಅಂದರೆ?

ಆ ಹೊತ್ತಿನಲ್ಲಿ ಜಗಳ ಬೇಡ. ಮೊದಲು ತಾಯಿ, ಮಗು ಉಳಿಯಲಿ. ಆದರೆ ಮರೆಯೋದೂ ಬೇಡ. ಯಾವ ದಿನ, ಯಾರು, ಎಷ್ಟು ಕೇಳಿದರು? ಬರೆದಿಡೋಣ. ಚೀಟಿ ಇದ್ದರೆ ಜೋಪಾನ ಮಾಡೋಣ. ಆಶಾ ಅಕ್ಕನಿಗೂ ತಿಳಿಸೋಣ. ಗ್ರಾಮಸಭೆಯಲ್ಲಿ ಎದ್ದು ನಿಂತು ಓದೋಣ.

ಒಬ್ಬಳೇ ಕೇಳಿದರೆ ಗದರಿಸಿ ಕಳಿಸಬಹುದು. ಹತ್ತು ಜನ ಕೂಡಿ ಕೇಳಿದರೆ ಉತ್ತರ ಕೊಡಲೇಬೇಕು. ನಮಗೀಗ ಅಕ್ಷರ ಬರುತ್ತದೆ. ಕೇಳೋಣ ಬನ್ನಿ.