‘ಕಿವಿ’ ಎಂಬ ಮಾತಿನ ಬಂಧುಬಳಗ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದರ ಬಳಿಕ ಒಂದಾಗಿ ಬರುವುವು. ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯಲ್ಲಿ ಕನ್ನಡದೊಡನೆ ತೆಲುಗು, ಉರ್ದು ಮಾತುಗಳೂ ಕಿವಿಗೆ ಬೀಳುವುವು. ಆ ‘ಕಿವಿ’ಗೇ ಏನೆನ್ನುವಿರೆಂದು ಅಲ್ಲಿ ಕೇಳಿದರೆ, ತೆಲುಗರು ‘ಚೆವಿ’ ಎಂದಾರು. ಉರ್ದು ಮನೆಮಾತಿನವರು ‘ಕಾನ್’ ಎಂದಾರು. ಇವೆರಡರಲ್ಲಿ ನಮ್ಮ ಕಿವಿಗೆ ನಂಟು ಯಾವುದು?

ಮೊದಲಿನ ಅಕ್ಷರವನ್ನು ಕಂಡು ‘ಕಾನ್’ ಎಂದು ತೀರ್ಮಾನಿಸಲಾಗದು. ಅದು ಸಂಸ್ಕೃತದ ‘ಕರ್ಣ’. ಪ್ರಾಕೃತದಲ್ಲಿ ‘ಕಣ್ಣ’ವಾಗಿ, ಮರಾಠಿ, ಹಿಂದಿ, ಉರ್ದುಗಳಲ್ಲಿ ‘ಕಾನ್’ ಆಯಿತು. ಕಕಾರದ ಹೋಲಿಕೆ ಕೇವಲ ಕಾಕತಾಳೀಯವು. ನಿಜವಾದ ಒಡಹುಟ್ಟು ‘ಚೆವಿ’ಯೇ. ಮಲೆಯಾಳದಲ್ಲಿಯೂ ತಮಿಳಿನ ಗ್ರಂಥಭಾಷೆಯಲ್ಲಿಯೂ ಅದೇ ಮಾತುಂಟು. ತುಳುವರು ‘ಕೆಬಿ’ ಎನ್ನುವರು. ನೀಲಗಿರಿಯ ಕೋತರು ‘ಕೆವ್’ ಎನ್ನುವರು. ದೂರದ ಬಲೂಚಿಸ್ತಾನದ ಬ್ರಾಹೂಯಿ ಭಾಷೆಯಲ್ಲಿ ಅದು ‘ಖಫ್’.

ಕಕಾರವು ಚಕಾರವಾದ ಬಗೆಯೇನು? ಇ, ಎ ಎಂಬ ಸ್ವರಗಳನ್ನು ನುಡಿಯುವಾಗ ನಾಲಗೆಯು ಮುಂದಕ್ಕೆ ಸರಿದು ತಾಲುವಿನತ್ತ ಏಳುವುದು. ಅವುಗಳ ಹಿಂದಿನ ಕಕಾರವೂ ತಾಲುವಿಗೆ ಜಾರಿ ಚಕಾರವಾಗುವುದು. ತೆಲುಗು, ತಮಿಳುಗಳಲ್ಲಿ ಹೀಗಾಯಿತು; ಕನ್ನಡದಲ್ಲಿ ಆಗಲಿಲ್ಲ. ಆದುದರಿಂದಲೇ ನಮ್ಮ ‘ಕೆರೆ’ ತೆಲುಗರಿಗೆ ‘ಚೆರುವು’; ‘ಕಿವುಡು’ ಅವರಿಗೆ ‘ಚೆವುಡು’. ಬ್ಯಾಡಗಿಯ ಕಾಯಿಗೆ ಹೆಸರು ತಂದ ‘ಕೆಂಪಿ’ನ ‘ಕೆಮ್’ ತಮಿಳಿನಲ್ಲಿ ‘ಚೆಮ್’.

ಕನ್ನಡವು ತಮಿಳಿನ ಮಗಳೆಂದು ಹೇಳುವವರುಂಟು. ಮಗಳಾಗಿದ್ದರೆ, ತಾಯಿ ಕಳೆದುಕೊಂಡ ಹಳೆಯ ಕಕಾರವು ಮಗಳ ಕೈಗೆ ಎಲ್ಲಿಂದ ಬಂದಿತು? ಹಾಗೆಂದು ನಾವೇ ಹಿರಿಯರೆಂದು ಬೀಗುವಂತೆಯೂ ಇಲ್ಲ. ಬಾಯಿಯೊಳಗಿನ ‘ಹಲ್ಲ’ನ್ನೇ ನೋಡಿರಿ: ಹಳಗನ್ನಡದಲ್ಲಿ ಅದು ‘ಪಲ್’ ಆಗಿದ್ದಿತು. ತಮಿಳರು ಆ ಪಕಾರವನ್ನು ಇಂದಿಗೂ ಕಾಪಾಡಿರುವರು. ಹಕಾರಕ್ಕೆ ತಿರುಗಿದವರು ನಾವು.

1856ರಲ್ಲಿ ಕಾಲ್ಡ್‌ವೆಲ್ಲರು ಈ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದರು; 1961ರಲ್ಲಿ ಬರೋ, ಎಮೆನೋ ಎಂಬ ವಿದ್ವಾಂಸರು ಇವುಗಳ ಪದಗಳನ್ನು ಕುಲವಾರು ಒಂದೇ ಕೋಶದಲ್ಲಿ ಜೋಡಿಸಿದರು. ಹಿರಿಯರ ಮನೆಯ ಪಾತ್ರೆಗಳು ಅಕ್ಕತಂಗಿಯರಲ್ಲಿ ಹಂಚಿಹೋದಂತೆ, ಹಳೆಯ ಸೊತ್ತು ಎಲ್ಲರಲ್ಲಿಯೂ ಅಷ್ಟಷ್ಟು ಉಳಿದಿರುವುದು. ಯಾರು ಹೆಚ್ಚೆಂಬ ವಾದಕ್ಕೆ ಹಿತ್ತಾಳೆಯ ಕಿವಿಯಾಗುವುದಕ್ಕಿಂತ, ನೆರೆಯವರ ನುಡಿಗೆ ನಿಜವಾದ ಕಿವಿಗೊಡುವುದು ಲೇಸು. ಅದರಲ್ಲಿ ನಮ್ಮ ಮನೆಯ ಮಾತೇ ಕೇಳಿಸೀತು.