ಜಾಲಿ ಗಿಡದಲ್ಲೊಂದು ಪಚ್ಚೆ!

ಮುಂಗಾರು ಮಳೆಗೆ ಜಾಲಿ ಚಿಗುರಿದೆಯೇ? ಹಾಗಾದರೆ ಹೊರಡಿ! ಬಿಸಿಲೇರುವ ಮುಂಚೆ ಹೊಲದ ಬದು ಸೇರಿಕೊಳ್ಳಿ. ಒಂದೊಂದೇ ರೆಂಬೆಯನ್ನು ಕಣ್ಣಲ್ಲೇ ಸವರುತ್ತಾ ಬನ್ನಿ. ಏನೂ ಕಾಣಲಿಲ್ಲವೇ? ಇನ್ನೊಮ್ಮೆ ನೋಡಿ. ಮುಳ್ಳಿನ ಪಕ್ಕದಲ್ಲಿ, ಚಿಗುರು ಮೇಯುತ್ತಾ... ಅಗೋ!

ಹಸಿರು! ಅಲ್ಲ, ನೀಲಿ! ಅಲ್ಲಲ್ಲ, ತಾಮ್ರ!

ಜೀರ್ಜಿಂಬೆ!

ಹಳ್ಳಿಯಲ್ಲಿ ಬೆಳೆದವರಿಗೆ ಈ ಹೆಸರು ಕಿವಿಗೆ ಬಿದ್ದರೆ ಸಾಕು, ಬೆಂಕಿಪೊಟ್ಟಣ ನೆನಪಾಗುತ್ತದೆ. ಪೊಟ್ಟಣದಲ್ಲಿ ಒಂದಿಷ್ಟು ಜಾಲಿ ಸೊಪ್ಪು, ಸೊಪ್ಪಿನ ಮೇಲೆ ಜೀರ್ಜಿಂಬೆ. ಮೊಟ್ಟೆ ಇಟ್ಟಿತೇ ಎಂದು ಗಳಿಗೆಗೊಮ್ಮೆ ತೆರೆದು ನೋಡುವ ಕಾತರ!

ಈಗ ಮೆಲ್ಲಗೆ ಅಂಗೈ ಮೇಲೆ ಬಿಟ್ಟುಕೊಳ್ಳಿ. ಸತ್ತಂತೆ ಕಾಲು ಮಡಚಿ ಬಿದ್ದುಕೊಂಡಿತೇ? ನಂಬಬೇಡಿ, ನಾಟಕ! ಸ್ವಲ್ಪ ಹೊತ್ತು ತಾಳಿ. ಮೀಸೆ ಆಡಿತು. ಒಂದು ಕಾಲು ಹೊರಬಂತು. ಇನ್ನೊಂದು. ಪಾದದ ತುದಿಯ ಕೊಕ್ಕೆಗಳು ನಿಮ್ಮ ಚರ್ಮವನ್ನು ಹಿಡಿದೇಬಿಟ್ಟವು! ಎದೆಯ ಮೇಲೆ ನೋಡಿ, ಒತ್ತೊತ್ತಾಗಿ ಸಣ್ಣ ಸಣ್ಣ ಕುಳಿಗಳು. ಒಂದೊಂದು ಕುಳಿಯ ಅಂಚಿನಲ್ಲೂ ಬೆಳಕಿನ ಕಿಡಿ. ಕೈಯನ್ನು ತುಸು ವಾಲಿಸಿ. ಹಸಿರು ಓಡಿಹೋಗಿ ನೀಲಿ ಬಂತೇ?

ಯಾವ ಜೀರ್ಜಿಂಬೆ ಇದು? ಬೆನ್ನು ನೋಡಿ ಹೇಳಿಬಿಡಬಹುದು. ಎದೆ ಪಚ್ಚೆ ಹಸಿರು, ಬೆನ್ನಿನ ಗಟ್ಟಿ ರೆಕ್ಕೆ ಕಂದುಗೆಂಪಾಗಿದ್ದರೆ ಅದು ಸ್ಟರ್ನೋಸೆರಾ ಕ್ರೈಸಿಸ್. ಬೆನ್ನೂ ಹಸಿರಾಗಿ, ಮೇಲೆ ಬೆಳ್ಳನೆಯ ಚುಕ್ಕೆಗಳಿದ್ದರೆ ಸ್ಟರ್ನೋಸೆರಾ ಸ್ಟರ್ನಿಕಾರ್ನಿಸ್. ಇವೆರಡರ ಕುಟುಂಬ ಬುಪ್ರೆಸ್ಟಿಡೇ. ಜಗತ್ತಿನಲ್ಲಿ ಈ ಕುಟುಂಬದ ಪ್ರಭೇದಗಳೆಷ್ಟು, ಊಹಿಸಿ! ನೂರು? ಸಾವಿರ? 15,000ಕ್ಕೂ ಹೆಚ್ಚು!

ಇನ್ನು ಮೈ ಜುಮ್ಮೆನ್ನುವ ಸಂಗತಿ. ಆ ಹಸಿರು ಹುಳುವಿನ ಮೈಯಲ್ಲಿ ಹಸಿರು ಬಣ್ಣವೇ ಇಲ್ಲ! ರೆಕ್ಕೆಯನ್ನು ಅರೆದು ಪುಡಿಮಾಡಿ ಹುಡುಕಿದರೂ ಹಸಿರು ಬಣ್ಣದ್ರವ್ಯ ಸಿಗದು. ಇರುವುದು ತೀರಾ ತೆಳುವಾದ ಪದರಗಳು, ಒಂದರ ಮೇಲೊಂದು. ಬೆಳಕು ಪ್ರತಿ ಪದರಕ್ಕೂ ಬಡಿದು ಹಿಂದಿರುಗುತ್ತದೆ. ಹಿಂದಿರುಗಿದ ಅಲೆಗಳು ಒಂದಕ್ಕೊಂದು ಕೂಡಿಕೊಂಡಾಗ ಹಸಿರು ಉಕ್ಕುತ್ತದೆ, ಉಳಿದ ಬಣ್ಣಗಳು ಅಳಿಸಿಹೋಗುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಹರಿದಾಡುವುದೂ ಹೀಗೆಯೇ!

ಬಣ್ಣದ್ರವ್ಯವೇ ಇಲ್ಲದ ಮೇಲೆ ಮಾಸುವುದಾದರೂ ಏನು? ಮೊಘಲರ ಕಾಲದಿಂದಲೂ ನಮ್ಮ ಕಸೂತಿಗಾರರು ಈ ರೆಕ್ಕೆಗಳನ್ನು ಬಟ್ಟೆಗೆ ಹೊಲಿಯುತ್ತಿದ್ದರು. 1888ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಟಿ ಎಲೆನ್ ಟೆರ‍್ರಿ ಲೇಡಿ ಮ್ಯಾಕ್‌ಬೆತ್ ಪಾತ್ರದಲ್ಲಿ ರಂಗಕ್ಕೆ ಬಂದರಲ್ಲ, ಅವರ ಉಡುಪಿನ ಮೇಲೆ ಏನಿತ್ತು ಗೊತ್ತೇ? ಜೀರ್ಜಿಂಬೆ ರೆಕ್ಕೆಗಳು, ಸುಮಾರು ಒಂದು ಸಾವಿರ! ಆ ಉಡುಪು ಈಗಲೂ ಇದೆ. ಆ ರೆಕ್ಕೆಗಳು ಈಗಲೂ ಹಸಿರಾಗಿ ಹೊಳೆಯುತ್ತಿವೆ!

ಸರಿ, ಈಗ ನಿಜವಾದ ಸವಾಲು. ಹಕ್ಕಿಗಳು ಹಾರಾಡುವ ಬಯಲಿನಲ್ಲಿ ಇಷ್ಟು ಝಗಮಗಿಸಿದರೆ ಆ ಹುಳುವಿನ ಗತಿ ಏನು? ಯಾರಿಗಾದರೂ ತಟ್ಟನೆ ಕಂಡುಬಿಡುವುದಿಲ್ಲವೇ?

ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೂ ಇದೇ ಪ್ರಶ್ನೆ ಹುಟ್ಟಿತು. ನಮ್ಮ ಜೀರ್ಜಿಂಬೆಯ ಹತ್ತಿರದ ನೆಂಟ ಸ್ಟರ್ನೋಸೆರಾ ಈಕ್ವಿಸಿಗ್ನೇಟಾದ ರೆಕ್ಕೆಗಳಿಗೆ ಹುಳು ಕಟ್ಟಿ ಕಾಡಿನ ಎಲೆಗಳ ಮೇಲಿಟ್ಟರು. ಪಕ್ಕದಲ್ಲೇ ಹೊಳಪಿಲ್ಲದ ನೀಲಿ, ನೇರಳೆ ರೆಕ್ಕೆಗಳನ್ನೂ ಇಟ್ಟರು. ಹಕ್ಕಿಗಳು ಬಂದವು. ಹೊಳಪಿಲ್ಲದವುಗಳಲ್ಲಿ ನೂರಕ್ಕೆ 85ರಷ್ಟನ್ನು ಎತ್ತಿಕೊಂಡು ಹೋದವು. ಹೊಳೆಯುವವುಗಳಲ್ಲಿ? 60ಕ್ಕಿಂತ ಕಡಿಮೆ!

ಹಕ್ಕಿಗಳು ಹೆದರಿ ಬಿಟ್ಟಿರಬಹುದೇ? ಅನುಮಾನ ಬಂದೇ ಬರುತ್ತದೆ. ಅದಕ್ಕೇ ಮನುಷ್ಯರನ್ನೂ ಕಾಡುದಾರಿಯಲ್ಲಿ ನಡೆಸಿ ಹುಡುಕಲು ಹೇಳಿದರು. ಹೊಳಪಿಲ್ಲದ ರೆಕ್ಕೆಗಳಲ್ಲಿ ಸುಮಾರು 80ರಷ್ಟು ಸಿಕ್ಕವು. ಹೊಳೆಯುವವು ನೂರಕ್ಕೆ 17 ಮಾತ್ರ!

2020ರಲ್ಲಿ ಈ ಫಲಿತಾಂಶ ಹೊರಬಂತು. ಮತ್ತೊಮ್ಮೆ ಓದಿ: ಹೊಳಪು ಇರುವುದು ಅಡಗಿಕೊಳ್ಳುವುದಕ್ಕೆ! ಕ್ಷಣಕ್ಕೊಂದು ಬಣ್ಣ ತಿರುಗಿಸುವ ಮೈ ಎಲೆಗಳ ಬಿಸಿಲು ನೆರಳಿನಲ್ಲಿ ಕರಗಿಹೋಗುತ್ತದೆ, ಕಣ್ಣಿಗೆ ಹುಳುವಿನ ಆಕಾರವೇ ಸಿಗುವುದಿಲ್ಲ. ಎಲೆ ಹೊಳಪಾಗಿದ್ದಷ್ಟೂ ಅದಕ್ಕೆ ಅನುಕೂಲ. ಆ ಜಾಲಿ ಗಿಡದಲ್ಲಿ ಮೊದಲ ನೋಟಕ್ಕೆ ಏನೂ ಕಾಣದಿದ್ದರೆ ನಿಮ್ಮ ಕಣ್ಣನ್ನು ಬೈಯಬೇಡಿ!

ಈ ಕುಟುಂಬದ ಕತೆಗಳಿಗೆ ಕೊನೆಯೇ ಇಲ್ಲ. ಮೆಲನೋಫಿಲಾ ಎಂಬ ಕಪ್ಪು ಸೋದರರಿದ್ದಾರೆ. ಎಲ್ಲ ಪ್ರಾಣಿಗಳೂ ಕಾಡ್ಗಿಚ್ಚಿನಿಂದ ದೂರ ಓಡಿದರೆ ಇವು ಬೆಂಕಿಯ ಕಡೆಗೇ ಹಾರುತ್ತವೆ! ಮೈಯಲ್ಲೇ ಶಾಖ ಹಿಡಿಯುವ ಕುಳಿಗಳಿವೆ. ಇವುಗಳ ಮೊಟ್ಟೆಗೆ ಬೇಕಾದ್ದು ಆಗಷ್ಟೇ ಸುಟ್ಟ ಮರ.

ಒಂದನ್ನು ಇಷ್ಟು ಹೊತ್ತು ಬಚ್ಚಿಟ್ಟಿದ್ದೆ. ಒಂದು ಹುಳು ಮರಿಯಾಗಿಯೇ ಎಷ್ಟು ಕಾಲ ಬದುಕಿರಬಲ್ಲದು? ಒಂದು ತಿಂಗಳು? ಒಂದು ವರ್ಷ? ಹತ್ತು?

ಉತ್ತರ ಅಮೆರಿಕದ ಬುಪ್ರೆಸ್ಟಿಸ್ ಆರುಲೆಂಟಾ ಮರದಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಗೊಳಗೇ ಕೊರೆಯುತ್ತಾ ಬೆಳೆಯಬೇಕು. ಮರ ಒಣಗಿಹೋದರೆ ಸತ್ವವಿರದು, ಬೆಳವಣಿಗೆ ತೆವಳುತ್ತದೆ. ಇಂಗ್ಲೆಂಡಿನ ಸೌತೆಂಡ್‌ನ ಮನೆಯೊಂದರ ಮೆಟ್ಟಿಲಿಗೆ ಅಲ್ಲಿಂದ ಬಂದ ಮರದೊಳಗೆ ಅಂಥದೊಂದು ಮರಿ ಇತ್ತು. ಮನೆಯವರು ಹತ್ತಿದರು, ಇಳಿದರು. ಮಹಾಯುದ್ಧವೊಂದು ಬಂದು ಮುಗಿಯಿತು. ಅದು ಕೊರೆಯುತ್ತಲೇ ಇತ್ತು. 1983ರ ಮೇ ತಿಂಗಳಲ್ಲಿ ಮರ ತೂತಾಯಿತು, ಹುಳು ಹೊರಬಂತು. ಕಾದದ್ದು ಎಷ್ಟು ವರ್ಷ?

51!

ಅಷ್ಟಾದರೂ ಹೊರಬಂದದ್ದು ಹೇಗೆ ಗೊತ್ತೇ? ಹಸಿರು ಮೈ, ತಾಮ್ರದ ಅಂಚು, ಝಗಝಗ!